ಈ ಹೊಳೆ ಚಿಂಚೋಳಿಯದು, ಬರೆದುಕೊಳ್ಳಿ

‘ಕಾಲು ಎತ್ತಬ್ಯಾಡ್ರಿ!’

ಅಷ್ಟರಲ್ಲಿ ನಾನು ಎತ್ತಿ ಆಗಿದೆ. ಭುವನೇಶ್ವರಿ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆ ನೋಡಿ ತಲೆ ಆಡಿಸುತ್ತಾರೆ. ‘ಹೋತು. ಹೊಳಿ ಓಡಬೇಕು, ಗಿಡ ನಿಂದರಬೇಕು. ನೀವು ಹೆಜ್ಜಿ ಇಟ್ರಿ, ದಂಡಿ ಅಲುಗಾಡ್ತು. ಈಗ ಗಿಡಾನೂ ಓಡ್ಲಿಕತ್ತಾವ ನೋಡ್ರಿ.’ ಬಗ್ಗಿ ನೋಡಿದರೆ ಹೌದು, ಆಚೆ ದಡದ ತೇಗದ ಮರಗಳೆಲ್ಲ ಒಂದಕ್ಕೆರಡಾಗಿವೆ. ನಾನು ಕ್ಷಮೆ ಕೇಳಿ ಬಂಡೆಯೊಂದರ ಮೇಲೆ ಮುದ್ದೆಯಾಗಿ ಕೂರುತ್ತೇನೆ.

ಬೆಳಿಗ್ಗೆ ಆರೂ ಕಾಲು. ಚಿಂಚೋಳಿ ವನ್ಯಧಾಮದೊಳಗೆ, ಎತ್ತಿಪೋತ ಜಲಪಾತದ ಕೆಳಗೆ ನಾವಿದ್ದೇವೆ. ಮೊನ್ನೆಯವರೆಗೆ ಸುರಿದ ಮಳೆಗೆ ಹೊಳೆ ಬಂಡೆಗಳ ಮೇಲೆ ಬಿದ್ದು ಎದ್ದು ಓಡುತ್ತಿದೆ. ನೀರಿನ ಕೆಂಪು ಇಳಿದಿದೆ, ರಭಸ ಇಳಿದಿಲ್ಲ. ಇವೆರಡೂ ಕೂಡಿ ಬರುವುದು ವರ್ಷಕ್ಕೆ ಹತ್ತೋ ಹನ್ನೆರಡೋ ಬೆಳಿಗ್ಗೆ ಮಾತ್ರ. ಅಂಥ ಒಂದು ಬೆಳಿಗ್ಗೆಯ ಒಂದು ಚಿತ್ರವನ್ನು ನಾನು ಹಾಳು ಮಾಡಿದ್ದೇನೆ.

ಭುವನೇಶ್ವರಿಗೆ ಮೂವತ್ತಾರು ವರ್ಷ. ಚಿಂಚೋಳಿ ಬಸ್ ನಿಲ್ದಾಣದ ಎದುರು ಒಂದು ಕೋಣೆಯ ಫೋಟೊ ಸ್ಟುಡಿಯೊ ನಡೆಸುತ್ತಾರೆ. ಮಳೆಗಾಲ ಬಂತೆಂದರೆ ಅಂಗಡಿ ತೆರೆಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಚೀಟಿ ಹಿಡಿದು ಇಲ್ಲಿಗೆ ಬರುತ್ತಾರೆ. ಕ್ಯಾಮೆರಾದ ಕಣ್ಣನ್ನು ಮೂವತ್ತು ಸೆಕೆಂಡು ತೆರೆದೇ ಇಟ್ಟು ಹೊಳೆಯ ಚಿತ್ರ ತೆಗೆಯುತ್ತಾರೆ. ಅಷ್ಟು ಹೊತ್ತಿನಲ್ಲಿ ಹರಿದುಹೋದ ನೀರೆಲ್ಲ ಒಂದೇ ಚಿತ್ರದಲ್ಲಿ ಸೇರಿ ಕಡೆದ ಮಜ್ಜಿಗೆಯ ನೊರೆಯಂತೆ ಮೆತ್ತಗಾಗುತ್ತದೆ. ಕಲ್ಲು, ಮರ ಮಾತ್ರ ಇದ್ದ ಹಾಗೇ ಇರುತ್ತವೆ. ಏಳು ಮಳೆಗಾಲದಿಂದ ಇದೇ ಕೆಲಸ. ಬೆಳಿಗ್ಗೆಗೆ ಆರು ಚಿತ್ರ, ಅದರಲ್ಲಿ ಒಂದು ಸರಿ ಬಂದರೆ ಹೆಚ್ಚು.

ಕ್ಯಾಮೆರಾದ ಮುಕ್ಕಾಲಿಯ ಕೆಳಗೊಂದು ಚಪ್ಪಡಿ ಇದೆ. ನಮ್ಮ ಕಡೆ ಮನೆಮನೆಗೂ ಹಾಸುವ ಶಹಾಬಾದಿನ ಪರ್ಸಿ ಕಲ್ಲೇ. ಅದರಲ್ಲಿ ಮೂರು ಗುಳಿ ಕಡೆದಿದೆ, ಮುಕ್ಕಾಲಿಯ ಮೂರು ಕಾಲಿಗೆ. ಮೊದಲ ವರ್ಷ ಚಿತ್ರವೆಲ್ಲ ಯಾಕೆ ಕದಡುತ್ತಿದೆ ಎಂದು ಇವರಿಗೆ ಹೊಳೆದೇ ಇರಲಿಲ್ಲ. ದಂಡೆಯ ಎರೆಮಣ್ಣಿನಲ್ಲಿ ಮುಕ್ಕಾಲಿ ಮೂವತ್ತು ಸೆಕೆಂಡಿನಲ್ಲಿ ಕೂದಲೆಳೆಯಷ್ಟು ಕುಸಿಯುತ್ತಿತ್ತು. ಅದನ್ನು ಕಂಡುಹಿಡಿದವರು ಅಪ್ಪ ಪೀರಪ್ಪ. ಭಂಕೂರದ ಕಲ್ಲು ಗಣಿಯಲ್ಲಿ ನಲವತ್ತು ವರ್ಷ ಚಾಣ ಹಿಡಿದವರು. ಒಂದು ದಿನ ಮಗಳ ಜೊತೆ ಬಂದು, ಮಣ್ಣಿನ ಮೇಲೆ ಬೆರಳಿಟ್ಟು ನೋಡಿ, ‘ಹುಚ್ಚವ್ವಾ, ಎರಿ ಮ್ಯಾಲ ಯಾರರೆ ಮನಿ ಕಟ್ತಾರೇನು?’ ಎಂದರಂತೆ. ವಾರದೊಳಗೆ ಪರ್ಸಿ ತಯಾರಾಯಿತು. ತೂಕ ಹದಿಮೂರು ಕೆಜಿ. ಚೆಕ್‌ಪೋಸ್ಟಿನಿಂದ ಎರಡು ಕಿಲೊಮೀಟರ್ ದೂರ ಅದನ್ನು ಸಿಂಬಿಯ ಮೇಲಿಟ್ಟು ತಲೆಯ ಮೇಲೆ ಹೊತ್ತು ತರುತ್ತಾರೆ. ಇಂದು ನಾನು ಹೊರುತ್ತೇನೆಂದು ಮುಂದಾಗಿದ್ದೆ. ಇನ್ನೂರು ಹೆಜ್ಜೆಗೆ ವಾಪಸ್ ಕೊಟ್ಟುಬಿಟ್ಟೆ, ಮರ್ಯಾದೆಯ ಮಾತು ಬೇಡ.

ಈ ಹಟ ಹುಟ್ಟಿದ್ದು ಶಹಾಬಾದಿನಲ್ಲಿ. ಹತ್ತೊಂಬತ್ತರ ವಯಸ್ಸಿನಲ್ಲಿ ಅಲ್ಲೊಂದು ಸ್ಟುಡಿಯೊದಲ್ಲಿ ಕೆಲಸಕ್ಕಿದ್ದರು. ಗೋಡೆಯ ಕ್ಯಾಲೆಂಡರಿನಲ್ಲಿ ಪಶ್ಚಿಮಘಟ್ಟದ ಜಲಪಾತವೊಂದಿತ್ತು, ನೀರು ಹಾಲಿನ ಹಾಗೆ. ಹೀಗೆ ಹೇಗೆ ತೆಗೆಯುತ್ತಾರೆಂದು ಮಾಲೀಕರನ್ನು ಕೇಳಿದರು. ‘ಅದು ಅವರ ಕಡಿ ನೀರವ್ವಾ. ನಮ್ಮ ಕಡಿ ನೀರು ಹಂಗ ಆಗಂಗಿಲ್ಲ’ ಎಂದು ಅವರು ನಕ್ಕರು. ‘ಆ ಮಾತು ನನಗ ಎದಿಗೇ ನಟ್ಟಿತ್ರಿ. ನೀರಿಗೂ ಜಿಲ್ಲಾ ಅದ ಏನು?’ ಎನ್ನುವಾಗ ಈಗಲೂ ಭುವನೇಶ್ವರಿಯ ದನಿ ಏರುತ್ತದೆ.

ಕ್ಯಾಮೆರಾದ ಕಣ್ಣು ಅಷ್ಟು ಹೊತ್ತು ತೆರೆದಿಟ್ಟರೆ ಹಗಲಿನ ಬೆಳಕಿಗೆ ಚಿತ್ರ ಬರೀ ಬಿಳಿ ಹಾಳೆಯಾಗುತ್ತದೆ. ಮಸೂರದ ಮುಂದೆ ಕಪ್ಪು ಗಾಜು ಬೇಕು. ದೊಡ್ಡ ಊರುಗಳಲ್ಲಿ ಸಿಗುವ ಗಾಜು ಇವರ ಕೈಗೆಟುಕುವಂಥದ್ದಾಗಿರಲಿಲ್ಲ. ವಾಡಿಯಲ್ಲಿ ಬಾಬುಮಿಯಾ ಎಂಬವರ ವೆಲ್ಡಿಂಗ್ ಅಂಗಡಿ ಇದೆ. ಅವರ ಮಗಳು ಸಾನಿಯಾಳ ಮದುವೆಯ ಫೋಟೊ ತೆಗೆಯಲು ಹೋದಾಗ ಅಂಗಡಿಯಲ್ಲಿ ವೆಲ್ಡಿಂಗಿನ ಕಣ್ಣುಗಾಜು ಇವರ ಕಣ್ಣಿಗೆ ಬಿತ್ತು. ‘ಒಯ್ಯಿ ಬೇಟಿ. ಇದ್ರಾಗ ಹಾಯ್ಸಿ ಸೂರ್ಯನ್ನೂ ನೋಡಬಹುದು, ನಿನ್ನ ಹೊಳಿ ಏನು ಮಹಾ’ ಎಂದು ಬಾಬುಮಿಯಾ ಎರಡು ಗಾಜು ಕೊಟ್ಟರು. ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದ ಆ ಗಾಜೇ ಇಂದಿಗೂ ಮಸೂರದ ಮುಂದಿದೆ.

ವೆಲ್ಡಿಂಗ್ ಗಾಜಿನಲ್ಲಿ ಲೋಕವೆಲ್ಲ ಹಸಿರು. ಹಾಗಾಗಿ ಮೊದಲು ಗಾಜಿನ ಮುಂದೆ ಒಂದು ಬಿಳಿ ಬಟ್ಟೆ ಹಿಡಿದು, ‘ಇದು ಬಿಳಿ, ತಿಳ್ಕೊ’ ಎಂದು ಕ್ಯಾಮೆರಾಕ್ಕೆ ಪಾಠ ಹೇಳಬೇಕು. ಆಮೇಲೆ ಬಣ್ಣಗಳು ದಾರಿಗೆ ಬರುತ್ತವೆ. ಇದಕ್ಕೆ ಮೊದಲಿಗೆ ಅಪ್ಪನ ಟವೆಲ್ ತಂದಿದ್ದರು. ಅಪ್ಪನ ಬಟ್ಟೆ ಬೆಳ್ಳಗಿರಬೇಕೆಂದು ಅವ್ವ ಭೀಮಮ್ಮ ಅದಕ್ಕೆ ಧಾರಾಳವಾಗಿ ನೀಲಿ ಹಾಕಿ ಒಗೆದಿದ್ದು ಯಾರ ತಲೆಗೂ ಬರಲಿಲ್ಲ. ನೀಲಿಯನ್ನೇ ಬಿಳಿ ಎಂದು ನಂಬಿದ ಕ್ಯಾಮೆರಾ ಹೊಳೆಯನ್ನೆಲ್ಲ ಹಳದಿ ಮಾಡಿಕೊಟ್ಟಿತು. ಒಂದು ಇಡೀ ಮಳೆಗಾಲ ಹೋಯಿತು. ಚಿತ್ರ ನೋಡಿದ ಪೀರಪ್ಪ, ‘ಹೊಳಿಗಿ ಅರಿಷಿಣ ಹಚ್ಚೀದಿ, ಮದಿವಿ ಯಾವಾಗ?’ ಎಂದು ಕೇಳಿದರಂತೆ. ಈಗಿರುವುದು ನೀಲಿ ಕಾಣದ ಹೊಸ ಮಲ್ಲು ಬಟ್ಟೆ. ಅದನ್ನು ಒಗೆಯಲು ಮನೆಯಲ್ಲಿ ಯಾರಿಗೂ ಅಪ್ಪಣೆ ಇಲ್ಲ.

ಎಂಟಕ್ಕೆ ಬಿಸಿಲು ಚುರುಕಾಗುತ್ತದೆ, ಕೆಲಸ ಮುಗಿಯುತ್ತದೆ. ಒಂಬತ್ತೂವರೆಗೆ ಸ್ಟುಡಿಯೊ ತೆರೆಯುತ್ತದೆ. ಶಾಲೆಗೆ ಸೇರಿಸುವ ದಿನಗಳಲ್ಲಿ ಇಲ್ಲಿ ದಿನಕ್ಕೆ ಅರವತ್ತು ಮುಖಗಳ ಫೋಟೊ ತೆಗೆದದ್ದಿದೆ. ಕೊಡ್ಲಿ, ಚಿಮ್ಮನಚೋಡ ಕಡೆಯ ಬಸುರಿಯರ ಕುಬುಸ, ತೊಟ್ಟಿಲು, ಮದುವೆಗಳ ಫೋಟೊಗಳೂ ಇವರವೇ. ಗಂಡ ರಮೇಶಕುಮಾರ ಸೇಡಂನಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್. ‘ಹೊಳಿಗಿ ಹೋಗೋ ದಿನ ರೊಟ್ಟಿ ಅವರೇ ಬಡೀತಾರ. ಭಾಳ ದಪ್ಪ ಆಗ್ತಾವ, ಆದ್ರ ನಾ ಹೆಸರಿಡಂಗಿಲ್ಲ’ ಎಂದು ಭುವನೇಶ್ವರಿ ನಗುತ್ತಾರೆ.

ನಗು ಹೋಗುವುದು ಸ್ಪರ್ಧೆಯ ಮಾತು ಬಂದಾಗ. ರಾಜಧಾನಿಯಲ್ಲಿ ಪ್ರತಿವರ್ಷ ನಾಡಿನ ನದಿಗಳ ಚಿತ್ರಪ್ರದರ್ಶನ ನಡೆಸುವ ಒಂದು ಕೂಟವಿದೆ. ಹೆಸರು ಬೇಡ, ಅವರಿಗೆ ಪುಕ್ಕಟೆ ಪ್ರಚಾರ ಯಾಕೆ. ಎರಡು ವರ್ಷದ ಹಿಂದೆ ಭುವನೇಶ್ವರಿ ಈ ಹೊಳೆಯ ಚಿತ್ರ ಕಳಿಸಿದರು. ಕಲಬುರಗಿ ಜಿಲ್ಲೆಯಲ್ಲಿ ಇಂಥ ನೀರಿರಲು ಸಾಧ್ಯವಿಲ್ಲ, ಚಿತ್ರ ಬೇರೆ ಕಡೆಯದು ಎಂದು ವಾಪಸ್ ಬಂತು. ಕಳೆದ ವರ್ಷ ಕ್ಯಾಮೆರಾದ ಮೂಲ ಕಡತವನ್ನೂ ಜೊತೆಗೆ ಕಳಿಸಿದರು. ಸ್ಥಳ ಖಾತ್ರಿಯಾಗಲು ಚಿತ್ರದೊಳಗೆ ಊರಿನ ಬೋರ್ಡ್ ಕಾಣುವಂತೆ ತೆಗೆಯಿರಿ ಎಂಬ ಉತ್ತರ ಬಂತು.

‘ಘಟ್ಟದವರು ಬೋರ್ಡ್ ಹಿಡಕೊಂಡು ನಿಂದರ್ತಾರೇನ್ರಿ? ಅವರ ನೀರು ನೋಡಿದ ಕೂಡ್ಲೇ ಖರೆ. ನಮ್ಮ ನೀರಿಗಿ ಸಾಕ್ಷಿ ಬೇಕಾ? ನಾ ತೆಗಿಯಂಗಿಲ್ಲ ಅಂತ ಬರದು ಕಳಿಸಿದೆ.’

ನನಗೂ ಸಿಟ್ಟು ಬರುತ್ತದೆ, ನಾಚಿಕೆಯೂ. ಬಿಸಿಲು, ತೊಗರಿ, ಸಿಮೆಂಟಿನ ಧೂಳು, ಇಷ್ಟೇ ನಮ್ಮ ಜಿಲ್ಲೆ ಎಂದು ಪತ್ರಿಕೆಗಳಲ್ಲಿ ಬರೆದು ಬರೆದು ಲೋಕವನ್ನು ನಂಬಿಸಿದವರಲ್ಲಿ ನಾನೂ ಒಬ್ಬ. ಕಲಬುರಗಿಯಲ್ಲಿ ಹುಟ್ಟಿ ಬೆಳೆದ ನನಗೆ ಈ ಕಾಡು ಕಾಣಲು ನಲವತ್ತೆಂಟು ವರ್ಷ ಬೇಕಾಯಿತು.

ಈ ವರ್ಷವೂ ಅವರು ಬೋರ್ಡ್ ಇಲ್ಲದೆಯೇ ಚಿತ್ರದ ದೊಡ್ಡ ಪ್ರತಿಯೊಂದನ್ನು ಅಂಚೆಯಲ್ಲಿ ಕಳಿಸಿದ್ದಾರೆ. ಉತ್ತರಕ್ಕೆ ಕಾಯುತ್ತಿದ್ದಾರೆ. ಮಧ್ಯಾಹ್ನ ಸ್ಟುಡಿಯೊದಲ್ಲಿ ಅಜ್ಜಿಯೊಬ್ಬರ ಪಿಂಚಣಿ ಅರ್ಜಿಯ ಫೋಟೊಕ್ಕೆ ಸೆರಗು ಸರಿಮಾಡುತ್ತಿರುವಾಗ ಫೋನ್ ಬರುತ್ತದೆ. ಕೈ ಖಾಲಿಯಿಲ್ಲದ್ದರಿಂದ ಸ್ಪೀಕರ್ ಹಾಕುತ್ತಾರೆ.

‘ಮೇಡಂ, ನಿಮ್ಮ ಚಿತ್ರ ಆಯ್ಕೆ ಆಗಿದೆ, ಅಭಿನಂದನೆಗಳು’ ಎನ್ನುತ್ತದೆ ಆ ಕಡೆಯ ದನಿ. ‘ಒಂದು ಸಣ್ಣ ಬದಲಾವಣೆ ಮಾಡ್ಕೊಂಡಿದೀವಿ. ಚಿಂಚೋಳಿ ಅಂದ್ರೆ ನೋಡೋರಿಗೆ ಗೊಂದಲ ಆಗುತ್ತೆ. ಅದಕ್ಕೆ ಕಾಡಿನ ತೊರೆ ಅಂತಷ್ಟೇ ಹಾಕ್ತಿದೀವಿ. ನಿಮ್ಮ ಹೆಸರು ಮಾತ್ರ ದೊಡ್ಡ ಅಕ್ಷರದಲ್ಲಿ ಇರುತ್ತೆ.’

ಭುವನೇಶ್ವರಿಯ ಕೈ ಅಜ್ಜಿಯ ಸೆರಗಿನ ಮೇಲೇ ನಿಲ್ಲುತ್ತದೆ. ಮೂರು ಸಲ ಚಿತ್ರ ಕಳಿಸಿ ಕಾದ ಮಾತು ಕಿವಿಗೆ ಬಿದ್ದಿದೆ. ಹ್ಞೂಂ ಅಂದರೆ ಸಾಕು.

‘ನನ್ನ ಹೆಸರು ತಗೀರಿ ಸರ್’ ಎನ್ನುತ್ತಾರೆ. ‘ಚಿಂಚೋಳಿ ಇಡ್ರಿ.’

‘ಹಾಗಾಗಲ್ಲ ಮೇಡಂ, ನಿಯಮ ಇರುತ್ತೆ. ಸ್ವಲ್ಪ ಅರ್ಥ ಮಾಡ್ಕೊಳ್ಳಿ.’

‘ಹಂಗಾದ್ರ ನನ್ನ ಚಿತ್ರ ವಾಪಸ್ ಕಳಿಸ್ರಿ. ವಿಳಾಸದಾಗ ಚಿಂಚೋಳಿ ಅಂತ ಬರೀಬೇಕಾಗ್ತದ ನೋಡ್ರಿ, ಇಲ್ಲಂದ್ರ ಮುಟ್ಟಂಗಿಲ್ಲ.’

ಫೋನಿಟ್ಟು ಅಜ್ಜಿಯ ಮುಖಕ್ಕೆ ಬೆಳಕು ಹಿಡಿಯುತ್ತಾರೆ. ಮಾತೆಲ್ಲ ಕೇಳಿಸಿಕೊಂಡ ಅಜ್ಜಿ, ‘ಚಲೋ ಮಾಡ್ದಿ ಮಗಳಾ. ಊರ ಹೆಸರ ಹೇಳ್ಲಿಕ್ಕ ನಾಚೋರ ಮನ್ಯಾಗ ನೆಂಟಸ್ತನ ಬ್ಯಾಡ’ ಎನ್ನುತ್ತಾರೆ.

ಈ ಬರಹ ಕಳಿಸುವ ಹೊತ್ತಿಗೆ ಚಿತ್ರ ಅಂಚೆಯಲ್ಲಿ ವಾಪಸ್ ಬಂದು ಸ್ಟುಡಿಯೊದ ಬೀದಿ ಕಡೆಯ ಗೋಡೆಗೆ ಏರಿದೆ. ಬಸ್ಸಿಳಿದವರಿಗೆಲ್ಲ ಕಾಣುತ್ತದೆ. ಕೈ ಸೇರಿದ್ದ ಅವಕಾಶ ಬಿಟ್ಟಿರಲ್ಲ, ಬೇಸರ ಆಗಲಿಲ್ಲವೇ ಎಂದು ಫೋನಿನಲ್ಲಿ ಕೇಳಿದೆ.

‘ಆಗ್ಯದ್ರಿ, ಸುಳ್ಳು ಯಾಕ ಹೇಳ್ಲಿ. ಎರಡು ದಿನ ಊಟ ಸೇರಲಿಲ್ಲ’ ಎಂದರು. ‘ಆದ್ರ ಬರೋ ವರ್ಷ ಮತ್ತ ಕಳಿಸ್ತೀನಿ. ಅದೇ ಹೊಳಿ, ಅದೇ ಹೆಸರು. ಇಲ್ಲ ಅನ್ನೋರು ಮೊದಲು ದಣೀತಾರೋ, ನಾ ದಣೀತೀನೋ, ನೋಡೇ ಬಿಡೂಣು.’