ಇಬ್ಬರು ನೆಗೆಣ್ಣಿಯರು, ಒಂದೇ ಅಡಿಟಿಪ್ಪಣಿ

"ಈ ನೀರಮಾನ್ವಿ ಅನ್ನಾಕಿ ಯಾರವ್ವಾ? ಮ್ಯಾಲ ಹಾಡು ಕುರ್ಡಿದು ಅಂತಾಳ, ಕೆಳಗ ದೇವದುರ್ಗದ್ದು ಅಂತಾಳ. ಆಕಿಗೆ ಒಂದ ಬಾಯಿ ಅದನೋ, ಎರಡೋ?"

ಇವತ್ತು ಯರಗೇರಾದ ಯೂನಿವರ್ಸಿಟಿಯಲ್ಲಿ ನಮ್ಮ ಗೈಡ್ ಸರ್ ನನ್ನ ಥೀಸಿಸ್ ತೆರೆದು ಹೀಗೆ ಕೇಳಿದರು. ಸಂಜೆಯೊಳಗೆ ಸರಿ ಮಾಡಿದರೆ ಮಾತ್ರ ಸಹಿ ಅಂದುಬಿಟ್ಟರು.

ನೀರಮಾನ್ವಿ ಅನ್ನುವ ಹೆಂಗಸೇ ಇಲ್ಲ! ಅದು ಊರು.

ನನ್ನ ವಿಷಯ ಕುರಿ ಉಣ್ಣೆ ಕತ್ತರಿಸುವಾಗಿನ ಹಾಡುಗಳು. ನೀರಮಾನ್ವಿಯ ಒಂದೇ ಮನೆಯ ಇಬ್ಬರು ನೆಗೆಣ್ಣಿಯರು, ಅಂದರೆ ಅಣ್ಣ ತಮ್ಮಂದಿರ ಹೆಂಡಂದಿರು, ನನಗೆ ಹಾಡಿ ತೋರಿಸಿದ್ದರು. ಹನುಮವ್ವನ ತವರು ಕುರ್ಡಿ, ಹಂಪವ್ವನದು ದೇವದುರ್ಗ.

ಹಾಡು ನಮ್ಮ ತವರಿನದು ಅಂತ ಇಬ್ಬರದೂ ಒಂದೇ ಹಟ. ಆ ಜಗಳದ ಮೇಲೆಯೇ ನನ್ನ ಇಡೀ ಅಧ್ಯಾಯ ನಿಂತಿದೆ.

"ಆಕಿ ಮಾತು ನನ್ನ ಹೆಸರಿಗೆ ಬರದೀಯಂದ್ರ ಮನಿ ಮೆಟ್ಲಾ ಹತ್ತಬ್ಯಾಡ" ಅಂತ ಹಂಪವ್ವ ಮೊದಲೇ ಹೇಳಿದ್ದಳು...

ಆಗಿದ್ದೇನೆಂದರೆ, ಅಡಿಟಿಪ್ಪಣಿಗಳನ್ನು ತಾನೇ ಜೋಡಿಸುವ ರೆಫರೆನ್ಸ್ ಸಾಫ್ಟ್‌ವೇರ್ ಸರ್‌ನೇಮ್ ಕೇಳಿತ್ತು. ನಮ್ಮ ಕಡೆ ಅವ್ವಂದಿರಿಗೆ ಎಲ್ಲಿಯ ಸರ್‌ನೇಮ್? ನಾನು ಜಾಣೆಯ ಹಾಗೆ ಊರಿನ ಹೆಸರು ತುಂಬಿದ್ದೆ. ಅದು ಊರನ್ನು ಮುಂದಕ್ಕೆ ತಂದು, ಹೆಸರನ್ನು ಒಂದು ಅಕ್ಷರಕ್ಕೆ ಇಳಿಸಿ, ಇಬ್ಬರನ್ನೂ 'ನೀರಮಾನ್ವಿ, ಹ.' ಮಾಡಿ ಕೂಡಿಸಿತ್ತು.

ಲೈಬ್ರರಿಯಲ್ಲಿ ಕೂತು ಮೊದಲು ಕೈಯಿಂದಲೇ ಒಂದೊಂದು ಅಡಿಟಿಪ್ಪಣಿ ತಿದ್ದುತ್ತಾ ಹೋದೆ. ರಿಫ್ರೆಶ್ ಒತ್ತಿದ್ದೇ ತಡ, ಎಲ್ಲವೂ ಮತ್ತೆ ಹಳೆಯ ಹಾಗೆ! ಅಳು ಬರುವುದೊಂದು ಬಾಕಿ.

ನೀರು ಕುಡಿದು ಬಂದು ಸಾಫ್ಟ್‌ವೇರ್ ಒಳಗೇ ಹುಡುಕಿದೆ. ಹೆಸರಿನ ಎರಡು ಡಬ್ಬಿಗಳ ಪಕ್ಕದಲ್ಲಿ ಒಂದು ಪುಟ್ಟ ಬಟನ್. ಇಷ್ಟು ದಿನ ಅದನ್ನು ಕಣ್ಣೆತ್ತಿಯೂ ನೋಡಿರಲಿಲ್ಲ.

ಒತ್ತಿದೆ. ಎರಡು ಡಬ್ಬಿ ಸೇರಿ ಒಂದಾಯಿತು!

ಅಲ್ಲಿ 'ಹಂಪವ್ವ' ಅಂತ ಪೂರ್ತಿ ಬರೆದೆ. ಇನ್ನೊಬ್ಬಳ ಎಂಟ್ರಿಯಲ್ಲೂ ಹಾಗೇ ಮಾಡಿ 'ಹನುಮವ್ವ' ಅಂತ ಬರೆದೆ. ದೇವರೇ ಅಂತ ರಿಫ್ರೆಶ್ ಒತ್ತಿ ಕೂತೆ...

ಬಂತು ನೋಡಿ! ಪುಟ ಪುಟದಲ್ಲೂ ಹನುಮವ್ವ ಹನುಮವ್ವನಾಗಿ, ಹಂಪವ್ವ ಹಂಪವ್ವನಾಗಿ ಎದ್ದು ಕೂತಿದ್ದಾರೆ. ಲೈಬ್ರರಿಯಲ್ಲೇ ಹೋ ಅಂತ ಕಿರುಚಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು, ನೋಡಲಿ!

ಸರ್ ನೋಡಿ ನಕ್ಕು ಸಹಿ ಹಾಕಿದರು.

ಈಗ ರಾಯಚೂರಿನ ಬಸ್ಸಿನಲ್ಲಿದ್ದೇನೆ. ಖುಷಿ ತಡೆಯಲಾಗದೆ ನೀರಮಾನ್ವಿಗೆ ಫೋನ್ ಮಾಡಿ ಆ ಪುಟವನ್ನು ಓದಿ ಹೇಳಿದೆ. ಸ್ಪೀಕರ್ ಹಾಕಿಕೊಂಡು ಇಬ್ಬರೂ ಕೇಳಿದರು.

"ನಂದು ಬ್ಯಾರೆ, ಆಕಿದು ಬ್ಯಾರೆ ಅದಲ್ಲ?" ಹನುಮವ್ವ ಕೇಳಿದಳು.

"ಬ್ಯಾರೆ ಬ್ಯಾರೇನ ಅದ ಯವ್ವಾ."

"ಹಂಗಾದ್ರ ಸಾಕು ಬಿಡು. ಹೆಸರು ಉಳೀತು" ಅಂದಳು. ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಹಿಂದಿನಿಂದ ಹಂಪವ್ವನ ದನಿ: "ಅಲ್ಲ ಬೇ, ಆಕಿದು ಯಾಕ ಮೊದಲು ಬಂದದ?"

ಗೆಳೆಯರೇ, ಇದಕ್ಕೆ ಯಾವ ಬಟನ್ ಒತ್ತಬೇಕು, ಯಾರಿಗಾದರೂ ಗೊತ್ತಾ?