ಅಕ್ಕನ ಕಾಲು, ತಂಗಿಯ ಕೈ

ದರ್ಜಿಯಕ್ಕನ ಬಗ್ಗೆ ಹೇಳಬೇಕಾದರೆ ಮೊದಲು ಆಕೆಯ ಕಾಲಿನ ಬಗ್ಗೆಯೇ ಹೇಳಬೇಕು. ಅಮ್ಮ ತೀರಿಕೊಂಡಾಗ ಹೊಲಿಗೆ ಯಂತ್ರದ ಮುಂದೆ ಕೂತ ಹುಡುಗಿ ತಂಗಿಯನ್ನು ಸಾಕಿದಳು, ಓದಿಸಿದಳು, ಮದುವೆ ಮಾಡಿದಳು. ತಾನು? "ನಂಗೆಲ್ಲಿತ್ತು ಪುರುಸೊತ್ತು!" ಎಂದು ನಕ್ಕು ಹಲ್ಲಿನಲ್ಲಿ ದಾರ ಕಡಿಯುತ್ತಿದ್ದಳು. ಈಗ ಕಣ್ಣು ಮಂಜಾಗಿ ಯಂತ್ರಕ್ಕೆ ಮುಸುಕು ಹಾಕಿದ್ದಾಯಿತು. ಕಾಲಿಗೆ ಅದನ್ನು ಹೇಳುವವರು ಯಾರು? ಸುಮ್ಮನೆ ಕೂತಾಗಲೂ ಪಾದ ಏಳುತ್ತಾ ಇಳಿಯುತ್ತಾ ಇರುತ್ತಿತ್ತು.

"ಗಾಳಿ ಹೊಲಿದದ್ದು ಸಾಕಕ್ಕ," ಎಂದು ತಂಗಿ ರೇಗಿಸುತ್ತಿದ್ದಳು.

ಅಕ್ಕನಿಗೆ ಇದ್ದದ್ದು ಒಂದೇ ಕೊರಗು. ತಂಗಿ ಹುಡುಗಿಯಾಗಿದ್ದಾಗ ಚೆನ್ನಾಗಿ ಹಾರ್ಮೋನಿಯಂ ನುಡಿಸುತ್ತಿದ್ದಳು. ನೆರೆಮನೆಯ ಮೇಷ್ಟರ ಪೆಟ್ಟಿಗೆಯನ್ನು ತಂದು, ಸಂಜೆಯೆಲ್ಲ ಅಕ್ಕನ ಯಂತ್ರದ ಪಕ್ಕದಲ್ಲೇ ಕೂತು ಅಭ್ಯಾಸ. ಮದುವೆ, ಮಕ್ಕಳು, ಮೊಮ್ಮಕ್ಕಳು ಎನ್ನುವಷ್ಟರಲ್ಲಿ ಅದೆಲ್ಲ ಮಣ್ಣುಪಾಲಾಯಿತು. ಸಾಯುವುದರೊಳಗೆ ಒಂದು ಸಲ ಅವಳು ನುಡಿಸುವುದನ್ನು ಕೇಳಬೇಕು ಎಂದು ಅಕ್ಕನ ಆಸೆ. ಮಾತೆತ್ತಿದರೆ ತಂಗಿ, "ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಗೆ ಶುರು ಮಾಡ್ಬೇಡ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಕಲಿತದ್ದು ಬೆರಳಿನಿಂದ ಹೋಗಿಬಿಟ್ಟಿದೆಯೇನೋ ಎಂಬ ಭಯ ಅವಳಿಗೆ. ಅಷ್ಟು ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೇ!

ಹೀಗಿರುವಾಗ ಇಬ್ಬರೂ ಪ್ರವಾಸ ಹೊರಟು ಒಂದೂರಿನಲ್ಲಿ ಇಳಿದರು. ಬಸ್ಸು ಹೊರಡುವುದು ಸಂಜೆಗೆ. ಸುತ್ತಾಡುತ್ತಾ ಹೊಕ್ಕದ್ದು ವಾದ್ಯದಂಗಡಿಗಳ ಬೀದಿ. ಅಬ್ಬಬ್ಬಾ, ಏನು ಗದ್ದಲ! ಒಬ್ಬ ಡೋಲಿಗೆ ಚರ್ಮ ಬಿಗಿದು ಬಡಿದು ನೋಡುತ್ತಿದ್ದ, ಎದುರಿನವನು ಪಿಟೀಲಿಗೆ ತಂತಿ ಕಟ್ಟುತ್ತಾ ಅವನನ್ನು ಬೈಯುತ್ತಿದ್ದ. ತುತ್ತೂರಿಗಳು ಒಗೆದ ಬಟ್ಟೆಯ ಹಾಗೆ ಹಗ್ಗದಲ್ಲಿ ನೇತಾಡುತ್ತಿದ್ದವು. ಸೊಟ್ಟ ಬಾಯಿಯ ಗ್ರಾಮಫೋನೊಂದು ಕೆಮ್ಮಿ ಕೆಮ್ಮಿ ಹಾಡುತ್ತಿತ್ತು. ಅಕ್ಕ ಪ್ರತಿ ಬಾಗಿಲಲ್ಲೂ ನಿಂತಳು. ತಂಗಿ ಮಾತ್ರ ಹಾರ್ಮೋನಿಯಂ ಕಂಡಲ್ಲೆಲ್ಲ ಬಿರಬಿರನೆ ಮುಂದೆ ನಡೆದಳು.

ಬೀದಿಯ ಕೊನೆಯ ಅಂಗಡಿಯಲ್ಲಿ ಕಾಲಿನಿಂದ ತುಳಿದು ನುಡಿಸುವ ಹಳೇ ಹಾರ್ಮೋನಿಯಂ ಒಂದಿತ್ತು. ಕೆಳಗೆ ಅಗಲದ ತುಳಿಹಲಗೆ, ಥೇಟ್ ಹೊಲಿಗೆ ಯಂತ್ರದ್ದೇ. ಅಕ್ಕನ ಪಾದ ಜುಮ್ಮೆಂದಿತು.

ಅಂಗಡಿಯ ಮುದುಕ ಮಂಡಿ ಹಿಡಿದುಕೊಂಡೇ ಕರೆದ. "ಬನ್ನಿ ತಾಯೀ. ನಮ್ಮ ಬೀದೀಲಿ ಒಂದು ಪದ್ಧತಿ, ಬಾಗಿಲು ತೆಗೆದ ಮೇಲೆ ಎಲ್ಲ ವಾದ್ಯಾನೂ ಒಂದ್ಸಲ ಮಾತಾಡಿಸ್ಬೇಕು. ನನ್ನ ಮಂಡಿ ಹಾಳಾಗಿ ಇದೊಂದು ಮೂಗಿಯಾಗಿ ಕೂತಿದೆ. ಸ್ವಲ್ಪ ತುಳಿತೀರಾ?"

ಅಕ್ಕ ಕೂತೇಬಿಟ್ಟಳು. ತುಳಿದಳು. ಆಹಾ, ಎಷ್ಟು ಹದವಾಗಿ ಗಾಳಿ ತುಂಬಿತು! ಮುದುಕ ಸ್ವರದ ಮನೆಗಳ ಮೇಲೆ ಕೈಯಿಡಲು ಬಂದರೆ, "ನೀವು ಸುಮ್ನಿರಿ ಯಜಮಾನ್ರೇ" ಎಂದು ತಡೆದು ತಾನೇ ಹತ್ತೂ ಬೆರಳು ಒತ್ತಿದಳು. ಎಂಥಾ ಅಪಸ್ವರ! ಡೋಲಿನವನೂ ಕೈ ನಿಲ್ಲಿಸಿದ. ಅಕ್ಕ ಜಗ್ಗಲಿಲ್ಲ, ಇನ್ನೂ ಜೋರಾಗಿ ಒತ್ತಿದಳು.

ಬಾಗಿಲಾಚೆ ನಿಂತಿದ್ದ ತಂಗಿ ಎಷ್ಟು ಹೊತ್ತು ತಡೆದಾಳು? "ಅಯ್ಯೋ, ಕಿವಿಗೆ ಸೀಸ ಹೊಯ್ದ ಹಾಗಾಗ್ತಿದೆ! ತೆಗಿ ಕೈ!" ಎಂದು ನುಗ್ಗಿ ಬಂದು ಪಕ್ಕದಲ್ಲೇ ಕೂತಳು. ಒಂದು ಸ್ವರ ಹಿಡಿದಳು, ಇನ್ನೊಂದು ಹಿಡಿದಳು. ಮೇಷ್ಟರು ಕಲಿಸಿದ್ದ ಹಾಡು ಮೆಲ್ಲಗೆ ಎದ್ದು ಬಂತು.

ಮೊದಲ ಸಾಲು ಮುಗಿದದ್ದೇ ತಡ, ಅಕ್ಕನ ಕಾಲು ಟಕ್ಕೆಂದು ನಿಂತಿತು. ಸ್ವರ ಉಸಿರು ಕಟ್ಟಿ ಸತ್ತಿತು.

"ಯಾಕೆ ನಿಲ್ಲಿಸ್ದೆ?"

"ಸಾಲು ಮುಗೀತಲ್ಲ, ಬಟ್ಟೆ ತಿರುಗಿಸ್ಬೇಡ್ವೇನೇ?"

ಮುದುಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ತಂಗಿಯೂ ನಕ್ಕಳು. ನಗುನಗುತ್ತಲೇ ಎರಡನೇ ಸಾಲಿಗೆ ಕೈ ಹಾಕಿದವಳ ಮುಖ ಬಾಡಿತು.

"ಮರೆತೇ ಹೋಗಿದೆ ಅಕ್ಕ. ನಾನು ಹೇಳ್ಲಿಲ್ವಾ?"

ಅಕ್ಕ ತುಳಿಯುತ್ತಲೇ ಮೂಗಿನಲ್ಲಿ ಆ ಸಾಲು ಗುನುಗಿದಳು. ಮುಂದಿನದನ್ನೂ ಗುನುಗಿದಳು. ಒಂದು ಸ್ವರವೂ ಜಾರಲಿಲ್ಲ.

"ನಿಂಗೆ ಹೇಗೆ ಗೊತ್ತು?"

"ಇದನ್ನ ಕೇಳ್ಕೊಂಡೇ ಅಲ್ವೇನೇ ನಾನು ಅಷ್ಟೆಲ್ಲ ಹೊಲಿದದ್ದು? ಇಲ್ದಿದ್ರೆ ಯಾರ ಕೈಲಾಗ್ತಿತ್ತು!"

ತಂಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಹಾಡನ್ನು ಕೊನೆಯವರೆಗೂ ನುಡಿಸಿದಳು. ಆಮೇಲೆ ಮುದುಕನ ಕಡೆ ತಿರುಗಿ, "ಇದನ್ನ ಬಸ್ಸಿಗೆ ಹಾಕ್ಬಹುದಾ?" ಎಂದಳು.

"ಭಾರ ತಾಯೀ. ಕೈಯಲ್ಲಿ ಒತ್ತೋ ಚಿಕ್ಕ ಪೆಟ್ಟಿಗೆ ಕೊಡ್ಲಾ? ಒಬ್ರೇ ಆರಾಮಾಗಿ ನುಡಿಸ್ಬಹುದು."

"ಒಬ್ಳೇ ನುಡಿಸೋದು ಯಾರಿಗೆ ಬೇಕು?" ಎಂದಳು ತಂಗಿ. "ಇದೇ ಕೊಡಿ."