ಆಚೆ ದಡದ ಮಣ್ಣು

ಹೊಳೆಯ ಆಚೆ ಒಂದು ಧರ್ಮದವರು, ಈಚೆ ಇನ್ನೊಂದು ಧರ್ಮದವರು. ಈಚೆಯ ಕುಂಬಾರಜ್ಜ ಆಚೆಯ ಜಿಗುಟು ಮಣ್ಣಿಗೆ ಈಚೆಯ ಮರಳು ಬೆರೆಸಿಯೇ ನಲವತ್ತು ವರ್ಷ ಎರಡೂ ದಡಕ್ಕೆ ಗಡಿಗೆ ಮಾಡಿಕೊಟ್ಟಿದ್ದ. ಎರಡೂ ದಡದವರ ನಡುವೆ ಹೊಡೆದಾಟವಾದ ಮೇಲೆ ಯಾರೂ ಹೊಳೆ ದಾಟಲಿಲ್ಲ. ಬರೀ ಈಚೆಯ ಮಣ್ಣಲ್ಲಿ ಮಾಡಿದ ಗಡಿಗೆಗಳೆಲ್ಲ ಸುಡುವಾಗಲೇ ಒಡೆದವು. ಕೈ ಕಟ್ಟಿ ಕೂತು ಸಾಕಾಗಿ, ಅಜ್ಜ ಒಂದು ಬೆಳಿಗ್ಗೆ ಬುಟ್ಟಿ ಹಿಡಿದು ಮೊಣಕಾಲುದ್ದ ನೀರಿಗಿಳಿದ.

ಆಚೆ, ಅವನಿಗೆ ಮಣ್ಣು ಅಗೆದುಕೊಡುತ್ತಿದ್ದವಳು ಗುದ್ದಲಿ ಊರಿ ನಿಂತಳು.

“ಏನಜ್ಜಾ, ಒದೆ ತಿನ್ನೋಕೆ ಬಂದ್ಯಾ?”

“ಮಣ್ಣು ಕೊಡೋದಾದ್ರೆ ಅದನ್ನೂ ತಿಂತೀನಿ, ಮಗಳೇ.”

“ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ? ನಮ್ಮನೇಲಿ ನೆಟ್ಟಗಿರೋ ಒಂದು ಗಡಿಗೆ ಇಲ್ಲ!”

ಬೈಯುತ್ತಲೇ ಬುಟ್ಟಿ ತುಂಬಿದಳು. ಮುದುಕ ಎತ್ತಲು ಬಗ್ಗುವಷ್ಟರಲ್ಲಿ, ಬುಟ್ಟಿಯನ್ನು ತನ್ನ ತಲೆಗೇ ಏರಿಸಿಕೊಂಡು ಅವನಿಗಿಂತ ಮೊದಲು ಹೊಳೆಗಿಳಿದಳು.